ಸಂಜೆ ಹಚ್ಚುತ್ತಿದ್ದ ಎಣ್ಣೆ

ಯಲ್ಲಾಪುರದ ಒಂದು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಜನವರಿಯಲ್ಲಿ ಬಿ.ಎ. ಕೊನೆಯ ವರ್ಷದವರಿಗೆ ಆರೋಗ್ಯ ಮತ್ತು ಆರ್ಥಿಕ ಬೆಳವಣಿಗೆಯ ಪಾಠ ನಡೆದಿತ್ತು. ಹಿಂದುಳಿದ ದೇಶದಲ್ಲಿ ಜನರ ಆರೋಗ್ಯ ಸುಧಾರಿಸಿದರೆ ದುಡಿಯುವ ದಿನಗಳು ಹೆಚ್ಚುತ್ತವೆ, ಮಕ್ಕಳು ಇನ್ನಷ್ಟು ವರ್ಷ ಓದುತ್ತಾರೆ, ಓದಿದವರ ದುಡಿಮೆಯಿಂದ ದೇಶದ ಸಂಪತ್ತು ಬೆಳೆಯುತ್ತದೆ, ಆ ಸಂಪತ್ತು ತಿರುಗಿ ಆರೋಗ್ಯಕ್ಕೆ ಬರುತ್ತದೆ. ಹಲಗೆಯ ಮೇಲೆ ನಾಲ್ಕು ಬಾಣ ಎಳೆದರೆ ಮುಗಿಯುವ ವಿಷಯ. ಮೂರನೆಯ ಬಾಣ ಎಳೆಯುತ್ತಿದ್ದಾಗ ಮುಂದಿನ ಬೆಂಚಿನ ಕಡೆಯಿಂದ ವಾಸನೆಯೊಂದು ಬಂತು. ಘಾಟಲ್ಲ, ಪರಿಮಳವೂ ಅಲ್ಲ. ಬಹಳ ದಿನ ಮುಚ್ಚಿಟ್ಟ ಔಷಧಿ ಕಪಾಟನ್ನು ತೆರೆದ ಹಾಗೆ, ತೆಳುವಾದ ಒಂದು ವಾಸನೆ.

ಆ ಬೆಂಚಿನ ಹುಡುಗಿ ನನ್ನ ನೋಟ ಕಂಡು ಮುದುಡಿದಳು. “ಬೆಳಿಗ್ಗೆ ಅಮ್ಮನ ಸಂಗ್ತಿ ದರಕಿಗೆ ಹೋಗಿದ್ದೆ ಮೇಡಂ. ತೊಳ್ಕಂಡೇ ಬಂದೆ, ಆದ್ರೂ ವಾಸನೆ ಬತ್ತದೆ” ಎಂದಳು.

“ಎಣ್ಣೆ ಯಾವಾಗ ಹಚ್ಚಿಕೊಂಡೆ? ಹೋಗುವ ಮೊದಲೋ, ಬಂದ ಮೇಲೋ?”

ಅವಳಿಗೆ ಆಶ್ಚರ್ಯವಾಯಿತು. “ಹೋಗೂಕಿಂತ ಮೊದ್ಲು ಮೇಡಂ. ಬಂದ್ಮೇಲೆ ಹಚ್ಚಿ ಎಂತ ಮಾಡೂದು?”

ತರಗತಿ ನಕ್ಕಿತು. ನಾನೂ ನಕ್ಕಂತೆ ಮಾಡಿದೆ. ಆ ದಿನ ನಾಲ್ಕನೆಯ ಬಾಣ ಎಳೆಯದೆ ಪಾಠ ಮುಗಿಸಿದೆ. ಒಂದು ಮನೆಯವರಿಗಲ್ಲದೆ ಇದುವರೆಗೆ ಬೇರೆ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಬರೆದಿಡಬೇಕು ಅನ್ನಿಸಿದ್ದು ಅವತ್ತು.

ಇದು ನಡೆದಾಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಕಾಯಿಲೆಯಿಂದ ಕೂಲಿಯವರ ಮನೆಗಳಲ್ಲಿ ಎಷ್ಟು ದಿನದ ದುಡಿಮೆ ತಪ್ಪುತ್ತದೆ ಎಂಬುದು ನನ್ನ ಕಿರುಪ್ರಬಂಧದ ವಿಷಯ. ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯ ಒಂದು ಕೇರಿಯನ್ನು ಆರಿಸಿಕೊಂಡೆ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಮ್ಮ ಮನೆ ಶಿರಸಿಯಲ್ಲಿ. ನನ್ನ ಅಬ್ಬಾ ಶಿರಸಿ–ಸಿದ್ದಾಪುರ ನಡುವೆ ಪ್ಯಾಸೆಂಜರ್ ಟೆಂಪೊ ಓಡಿಸುತ್ತಿದ್ದರು. ಬೆಳಗಿನ ಟ್ರಿಪ್ಪಿನಲ್ಲಿ ನನ್ನನ್ನು ಬಿಟ್ಟು, ಸಂಜೆಯ ಟ್ರಿಪ್ಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಒಬ್ಬಳೇ ಹೆಣ್ಣುಮಗಳು ಊರೂರು ತಿರುಗುತ್ತಾಳೆ ಎಂದು ಬಂಧುಗಳು ಆಡಿಕೊಂಡಾಗ, “ತಿರುಗೋದು ನನ್ನ ಗಾಡೀಲಿ” ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಪ್ರಶ್ನಾವಳಿ ನಾಲ್ಕು ಪುಟದ್ದು. ವರ್ಷದಲ್ಲಿ ಮೂರು ಸಲ ಅದೇ ಮನೆಗಳಿಗೆ ಹೋಗಿ ತುಂಬಬೇಕು. ನನ್ನ ಮಾರ್ಗದರ್ಶಕರು ಕಟ್ಟುನಿಟ್ಟಿನ ಮನುಷ್ಯ. “ಕೇಳು, ಬರೆ. ಬುದ್ಧಿ ಹೇಳಬೇಡ. ನೀನು ಬುದ್ಧಿ ಹೇಳಿದ ಮೇಲೆ ನಿನಗೆ ಕಾಣುವುದು ಅವರ ಬದುಕಲ್ಲ, ನಿನ್ನ ಉಪದೇಶದ ಫಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬೇಡ” ಎಂದಿದ್ದರು. ಈ ಎರಡು ನಿಯಮ ನನಗೆ ಕಷ್ಟವೆನಿಸಲಿಲ್ಲ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಸುಮ್ಮನಿರುವುದನ್ನು ಒಬ್ಬರು ಗುಣವೆಂದು ಹೇಳಿದ್ದು ಅದೇ ಮೊದಲು.

ಚಳಿ ಬಿಡುವ ಹೊತ್ತಿಗೆ ಬೆಟ್ಟದ ಮರಗಳು ಎಲೆ ಉದುರಿಸುತ್ತವೆ. ಒಣಗಿ ಬಿದ್ದ ಆ ಎಲೆಗೆ ದರಕು ಎನ್ನುತ್ತಾರೆ. ವರ್ಷವಿಡೀ ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು, ಆಮೇಲೆ ಗೊಬ್ಬರಕ್ಕೆ, ಅದು ಬೇಕೇ ಬೇಕು. ಜನವರಿಯಿಂದ ಮಾರ್ಚ್‌ವರೆಗೆ ಕೇರಿಯ ಹೆಂಗಸರು ಸೂರ್ಯ ಹುಟ್ಟುವ ಮೊದಲೇ ಬೆಟ್ಟ ಹತ್ತುತ್ತಾರೆ. ಇಬ್ಬನಿ ಆರುವ ಮೊದಲಾದರೆ ಎಲೆ ಪುಡಿಯಾಗುವುದಿಲ್ಲ. ಕಡ್ಡಿಪೊರಕೆಯಂಥ ಬರಲಿನಿಂದ ಗುಡಿಸಿ ರಾಶಿ ಮಾಡಿ, ಹಗ್ಗದ ದೊಡ್ಡ ಬಲೆಚೀಲದೊಳಗೆ ತುಂಬಿ, ತಾವೇ ಒಳಗಿಳಿದು ಬರಿಗಾಲಿನಲ್ಲಿ ತುಳಿದು ಗಟ್ಟಿಮಾಡುತ್ತಾರೆ. ಆ ಬಲೆಗೆ ಕಲ್ಲಿ ಎಂದು ಹೆಸರು. ತುಂಬಿದ ಕಲ್ಲಿ ಹೊತ್ತು ಇಳಿಯುವ ಹೆಂಗಸಿನ ಮುಖ ಕಾಣುವುದಿಲ್ಲ. ದೊಡ್ಡದೊಂದು ಎಲೆಯ ಉಂಡೆ ಎರಡು ಕಾಲಿನ ಮೇಲೆ ನಡೆದು ಬಂದಂತೆ ಕಾಣುತ್ತದೆ.

ಮಂಗನ ಕಾಯಿಲೆ ಏಳುವುದೂ ಇದೇ ಮೂರು ತಿಂಗಳಲ್ಲಿ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಯ ಉಣುಗುಗಳು ಉದುರಿ ಎಲೆಯಲ್ಲಿ ಸೇರಿಕೊಳ್ಳುತ್ತವೆ, ಎಲೆಗೆ ಬಂದವರಿಗೆ ಕಚ್ಚುತ್ತವೆ. ಜ್ವರ, ತಲೆ ಒಡೆಯುವ ನೋವು; ಕೆಲವರಿಗೆ ಬಿಟ್ಟ ಜ್ವರ ಮತ್ತೆ ಬರುತ್ತದೆ; ಕೆಲವರು ಉಳಿಯುವುದಿಲ್ಲ. ಅದಕ್ಕಾಗಿ ಇಲಾಖೆಯವರು ಮನೆಮನೆಗೆ ಎಣ್ಣೆಯ ಬಾಟಲಿ ಹಂಚುತ್ತಾರೆ. ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋದರೆ ಉಣುಗು ಹತ್ತುವುದಿಲ್ಲ. ನನ್ನ ಪ್ರಶ್ನಾವಳಿಯಲ್ಲೂ ಅದಕ್ಕೊಂದು ಪ್ರಶ್ನೆ ಇತ್ತು. ಎಣ್ಣೆ ಬಳಸುತ್ತೀರಾ? ಹೌದು, ಇಲ್ಲ. ಎರಡು ಚೌಕ.

ಗಂಗೆಯ ಮನೆ ಕೇರಿಯ ಕೊನೆಯದು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನಾನು ಹೋದಾಗ ಅವಳು ಅಂಗಳದಲ್ಲಿ ಕಾಲು ಚಾಚಿ ಕೂತು ಹರಿದ ಕಲ್ಲಿಯ ಕಣ್ಣುಗಳನ್ನು ಕಟ್ಟುತ್ತಿದ್ದಳು. ಪಕ್ಕದ ಮನೆಯ ಮಾದೇವಿ ಸಹಾಯಕ್ಕೆಂದು ಬಂದು ಎಲೆ ಅಡಿಕೆ ಹಾಕುತ್ತಿದ್ದಳು.

“ಕೂರಿ ಅಕ್ಕೋರೆ” ಎಂದಳು ಗಂಗೆ. ಈ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ ಕೇರಿಯವರೆಲ್ಲ ನನ್ನನ್ನು ಅಕ್ಕೋರು ಮಾಡಿದ್ದರು. “ಎಂತ ಬರಿಯೂದು? ರೇಶನ್ ಕಾರ್ಡ್ ಆದ್ರೆ ನಂಗೆ ಅದೆ.”

“ರೇಶನ್ನಿನದಲ್ಲ. ಕಾಯಿಲೆ ಬಂದರೆ ಎಷ್ಟು ದಿನ ಕೆಲಸ ತಪ್ಪುತ್ತದೆ ಎಂದು ಬರೆದುಕೊಳ್ಳುವುದು.”

“ತಪ್ಪಿದ್ರಲ್ದಾ ಬರಿಯೂದು? ನಂಗೆ ತಪ್ಪದೇ ಇಲ್ಲ.”

“ಅವ್ಳಿಗೆ ಜ್ವರ ಬಂದ್ರೆ ಅಕ್ಕೋರೆ” ಎಂದಳು ಮಾದೇವಿ, “ಜ್ವರದ ತಲೆ ಮೇಲೇ ಒಂದು ಕಲ್ಲಿ ಹೊರ್ಸಿ ಕಳಿಸ್ತಾಳೆ. ಅದು ಮತ್ತೆ ಈ ಕೇರಿ ಕಡೆ ಮಕ ಹಾಕೂದಿಲ್ಲ.”

ಗಂಗೆ ಕೈಯಲ್ಲಿದ್ದ ಹಗ್ಗದ ತುದಿಯಿಂದ ಅವಳಿಗೆ ಹೊಡೆದಳು. ಎಣ್ಣೆಯ ಪ್ರಶ್ನೆ ಕೇಳಿದಾಗ ಇಬ್ಬರೂ ಒಟ್ಟಿಗೆ, “ದಿನಾ ಹಚ್ತೇವೆ” ಎಂದರು. ನಾನು ಹೌದು ಎಂಬ ಚೌಕದಲ್ಲಿ ಗುರುತು ಹಾಕಿದೆ. ಇಡೀ ಕೇರಿಯ ಹಾಳೆಗಳಲ್ಲಿ ಆ ಚೌಕ ತುಂಬಿತ್ತು.

ಗಂಗೆಯ ಮಗಳು ಸುಜಾತಾ ಹಿಂಬದಿಯ ಜಗಲಿಯಲ್ಲಿ ಕೂತು ಹೃದಯದ ಚಿತ್ರ ಬರೆಯುತ್ತಿದ್ದಳು. ಸಿದ್ದಾಪುರದಲ್ಲಿ ದ್ವಿತೀಯ ಪಿಯುಸಿ. ಕೇರಿಯಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲನೆಯವಳು. ಪೆನ್ಸಿಲಿನ ತುದಿಯನ್ನು ಬ್ಲೇಡಿನಲ್ಲಿ ಎಷ್ಟು ಚೂಪು ಮಾಡಿದ್ದಳೆಂದರೆ ಗೆರೆ ಕೂದಲಿನಷ್ಟಿತ್ತು. ನಾನು ಅವಳ ಹೆಸರಿನ ಮುಂದೆ ಉದ್ಯೋಗದ ಜಾಗದಲ್ಲಿ ವಿದ್ಯಾರ್ಥಿನಿ ಎಂದು ಬರೆದೆ. ಅವಳು ಬಗ್ಗಿ ನೋಡಿದಳು.

“ಜೂನ್ ಆದ್ಮೇಲೆ ನರ್ಸಿಂಗ್ ಅಂತ ಬರಿಬೋದಾ ಅಕ್ಕೋರೆ?”

“ಸೀಟು ಸಿಕ್ಕಿದರೆ ಬರೆಯೋಣ.”

“ಸಿಗ್ತದೆ” ಎಂದಳು. ಜಂಬದಿಂದಲ್ಲ, ತಾನು ಗುಣಿಸಿ ನೋಡಿದ ಉತ್ತರವನ್ನು ಹೇಳುವ ಹಾಗೆ.

“ನರ್ಸ್ ಆಗಿ ಮೊದ್ಲನೇ ಸೂಜಿ ನಂಗೇ ಚುಚ್ಚೂದಂತೆ” ಎಂದು ಗಂಗೆ ಅಂಗಳದಿಂದ ಕೂಗಿದಳು. ಮಗಳನ್ನು ಬೆಟ್ಟಕ್ಕೆ ಒಂದು ದಿನವೂ ಕರೆದುಕೊಂಡು ಹೋದವಳಲ್ಲ ಅವಳು. ರಜೆಯ ದಿನ ಸುಜಾತಾ ತಾನೂ ಬರುತ್ತೇನೆಂದರೆ ಬೈಯುತ್ತಿದ್ದಳು. ಈ ದರಕಿನ ಮೂರು ತಿಂಗಳು ತಾನು ಬೀಳದೆ ನಿಂತರೆ ಮಗಳು ಬೆಟ್ಟದಿಂದ ಪಾರಾದಳು ಎಂಬುದು ಅವಳ ಲೆಕ್ಕ.

ಫೆಬ್ರವರಿಯ ಮೊದಲ ವಾರ ಬೆಟ್ಟದ ನೀರುಝರಿಯ ಹತ್ತಿರ ಮಂಗ ಸತ್ತು ಬಿದ್ದಿತ್ತು. ಆಶಾ ಕಾರ್ಯಕರ್ತೆ ಲಲಿತಕ್ಕ ಓಡೋಡಿ ಬಂದಳು. ಐವತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು, ದೊಡ್ಡ ದನಿ. ಎರಡು ವಾರ ಬೆಟ್ಟಕ್ಕೆ ಯಾರನ್ನೂ ಕಳಿಸಬೇಡಿ ಎಂದು ದರಕು ಕೊಳ್ಳುವ ಹೆಗಡೆಯವರಿಗೆ ಹೇಳುವಾಗ ನಾನು ಜೊತೆಗಿದ್ದೆ. ಅವರು ಒಳ್ಳೆಯ ಮನುಷ್ಯರೇ. ಕುಡಿಯಲು ಆಸರಿಗೆ ಕೊಟ್ಟು, ಎಲ್ಲ ಕೇಳಿ, “ಆನು ಬಾ ಹೇಳದೂ ಇಲ್ಲೆ ಲಲಿತಾ, ಬ್ಯಾಡ ಹೇಳದೂ ಇಲ್ಲೆ. ದರಕು ಬಿದ್ದಾಗಲೇ ತರವು. ಮಳೆ ಬಿದ್ರೆ ಎಂತ ಸಿಗ್ತು?” ಎಂದರು.

ಕೇರಿಯ ಹೆಂಗಸರು ಇನ್ನೂ ಜೋರು. “ನೀ ದರಕು ಹೊತ್ತು ಹಾಕ್ತ್ಯಾ ನಮ್ ಬದ್ಲು?” ಎಂದು ಮಾದೇವಿ ಕೇಳಿದಳು. ಗಂಗೆ ಮಾತ್ರ ಸಮಾಧಾನದಲ್ಲಿ, “ಎಣ್ಣೆ ಹಚ್ಕತ್ತೆ ಲಲಿತಕ್ಕ, ಹೆದರ್ಬ್ಯಾಡ” ಎಂದಳು.

ಅವತ್ತು ಸಂಜೆ ಅಬ್ಬಾನ ಟೆಂಪೊ ತಡವಾಯಿತು. ನಾನು ಗಂಗೆಯ ಅಂಗಳದಲ್ಲೇ ಕೂತಿದ್ದೆ. ಬಿಸಿಲು ಇನ್ನೂ ಗದ್ದೆಯ ಮೇಲಿತ್ತು. ಅವಳು ಬಿಸಿನೀರಿನಲ್ಲಿ ಮಿಂದು, ಬೇರೆ ಸೀರೆ ಉಟ್ಟು ಬಂದು ಮೆಟ್ಟಿಲ ಮೇಲೆ ಕೂತಳು. ಮಾಡಿನ ಸಂದಿಯಿಂದ ಬಾಟಲಿ ತೆಗೆದಳು. ಅಂಗೈಗೆ ಸ್ವಲ್ಪವೇ ಹೊಯ್ದುಕೊಂಡು ಪಾದ, ಹಿಮ್ಮಡಿ, ಮೊಣಕಾಲು, ಮೊಣಕೈ, ಒಂದೂ ಬಿಡದೆ ನಿಧಾನವಾಗಿ ತಿಕ್ಕಿಕೊಂಡಳು.

“ಈಗ ಹಚ್ಚುತ್ತೀರಾ?” ಎಂದು ಕೇಳಿದೆ.

“ಮತ್ತೆ? ಬೆಳಗಾ ಮುಂಚೆ ಹಚ್ಕಂಡ್ರೆ ದರಕಿಗೆಲ್ಲ ವಾಸ್ನೆ ಹಿಡೀತದೆ. ತುಳಿಯೂದು ಕಾಲಲ್ಲೇ ಅಲ್ದಾ? ಹಾಂಗಿದ್ದ ದರಕಿನ ಮೇಲೆ ದನ ಮನಗೂದಿಲ್ಲ ಅಕ್ಕೋರೆ. ನಿಂತೇ ಇರ್ತವೆ. ಹಾಲು ಕಮ್ಮಿ ಆಗ್ತದೆ. ಒಂದ್ಸಲ ಹೆಗಡೇರ ಮನೆಯಿಂದ ಎರಡು ಕಲ್ಲಿ ತಿರುಗ್ಸಿ ಕಳಿಸಿದ್ರು.” ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. “ಇಲ್ಲಿ ಎಲ್ರೂ ಮಿಂದ ಮೇಲೇ ಹಚ್ಚೂದು. ಕಚ್ಚಿದ್ದಿದ್ರೆ ಅದ್ರ ಇಸ ಎಳೀತದೆ. ಲಲಿತಕ್ಕನ ಹತ್ರ ಹೇಳ್ಬ್ಯಾಡಿ ಮತ್ತೆ. ಕೇರಿ ಹಾರೂಹಾಂಗೆ ಕೂಗ್ತಾಳೆ.”

“ಹೇಳುವುದಿಲ್ಲ” ಎಂದೆ.

ಮನೆಗೆ ಹೋಗಿ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಬರೆದೆ. ಎಣ್ಣೆ ಬಳಸುತ್ತಾರೆ, ಆದರೆ ಕೆಲಸದ ನಂತರ. ಕಾರಣ, ದರಕಿಗೆ ವಾಸನೆ ಹಿಡಿಯುತ್ತದೆಂಬ ಭಯ. ಕೆಳಗೆ ಗೆರೆಯನ್ನೂ ಎಳೆದೆ. ಬೇರೆ ಯಾರಿಗೂ ಕಾಣದ್ದು ನನಗೆ ಕಂಡಿದೆ ಎಂಬ ಸಂತೋಷ ಆ ಗೆರೆಯಲ್ಲಿತ್ತು. ಆ ಸಂತೋಷವನ್ನು ಈಗ ಇಲ್ಲಿ ಮುಚ್ಚಿಡಬಾರದು, ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಎರಡು ದಿನ ಕಳೆದು, ರಸ್ತೆಯ ತಿರುವಿನಲ್ಲಿ ಟೆಂಪೊ ಕಾಯುವಾಗ ಲಲಿತಕ್ಕ ಸಿಕ್ಕಳು. ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತ ಕೇಳಿದಳು: “ಅಕ್ಕೋರೆ, ನಿಮ್ಮ ಹಾಳೇಲಿ ಬರ್ಕಂಡಿದ್ದೀರಲ್ಲ, ಇವ್ರು ಖರೇವಾಗಿ ಎಣ್ಣೆ ಹಚ್ತಾರಾ? ನಾ ಕೇಳಿದ್ರೆ ನನ್ನ ಬಾಯಿ ಮುಚ್ಸೂಕೆ ಹೂಂ ಅಂತಾರೆ. ನಿಮ್ಮತ್ರ ಸುಳ್ಳು ಹೇಳೂದಿಲ್ಲ.”

“ಹಚ್ಚುತ್ತಾರೆ.”

“ಎಲ್ಲರೂ?”

“ಎಲ್ಲರೂ.”

“ಅಷ್ಟಾದ್ರೆ ಸಾಕಪ್ಪ. ನಾಳೆ ಬೆಳಗಾ ಮುಂಚೆ ಬಂದು ಬೆಟ್ಟದ ಬುಡದಲ್ಲಿ ನಿಂತು ನಾನೇ ಒಬ್ಬೊಬ್ಬರ ಕಾಲಿಗೆ ಹಚ್ಚೂದು ಅಂತ ಮಾಡಿದ್ದೆ. ಹಂಗಾದ್ರೆ ನಾಳೆ ಆಚೆ ಕೇರಿಗೆ ಹೋಗ್ತೆ. ಅಲ್ಲಿಯವ್ರು ಬಾಟ್ಲಿ ಮುಚ್ಚಳನೇ ತೆಗೀಲಿಲ್ಲ.”

ನಾನು ಹೇಳಿದ ಎರಡೂ ಮಾತು ಸುಳ್ಳಲ್ಲ. ಹಾಳೆಯಲ್ಲಿ ಇದ್ದದ್ದೇ ಅದು. ಟೆಂಪೊ ಬಂತು, ಹತ್ತಿದೆ. ಸಿದ್ದಾಪುರದ ಗದ್ದೆಗಳನ್ನು ದಾಟುವವರೆಗೂ ನನಗೆ ನಾನೇ ಹೇಳಿಕೊಂಡದ್ದು ಒಂದೇ: ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ.

ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ಶುರುವಾಯಿತು. ಬಸ್ಸು ತಪ್ಪೀತೆಂದು ಗಂಗೆ ಮಗಳನ್ನು ಸಿದ್ದಾಪುರದ ಸಹಪಾಠಿಯೊಬ್ಬಳ ಮನೆಯಲ್ಲಿ ಬಿಟ್ಟು ಬಂದಿದ್ದಳು. ನನ್ನ ಎರಡನೆಯ ಸುತ್ತಿನ ಪ್ರಶ್ನೆಗಳೂ ಆಗಲೇ. ಒಂದು ಮಧ್ಯಾಹ್ನ ಹೋದಾಗ ಗಂಗೆ ಕಂಬಕ್ಕೆ ಒರಗಿ ಕೂತಿದ್ದಳು. ಅಂಗಳದಲ್ಲಿ ಕಲ್ಲಿ ಖಾಲಿಯಾಗಿ ಬಿದ್ದಿತ್ತು. ಅವಳ ಕಣ್ಣು ಕೆಂಪಾಗಿತ್ತು.

“ಕಣ್ಣಿಗೇನಾಯಿತು?”

“ಧೂಳು. ಎಂತ ಕೇಳ್ತ್ರಿ, ಕೇಳಿ.”

ಕಳೆದ ಏಳು ದಿನಗಳಲ್ಲಿ ಕಾಯಿಲೆಯಿಂದ ತಪ್ಪಿದ ಕೆಲಸದ ದಿನಗಳು ಎಷ್ಟು ಎಂದು ಕೇಳಿದೆ. ಒಂದೂ ಇಲ್ಲ ಎಂದಳು. ಅರ್ಧ ದಿನ ದುಡಿದರೂ ಅದನ್ನು ತಪ್ಪಿದ ದಿನವೆಂದು ಎಣಿಸಬಾರದು ಎಂಬುದು ನಿಯಮ. ನಾನು ಸೊನ್ನೆ ಬರೆದೆ. ಇನ್ನೂ ಎರಡು ಪುಟ ಇತ್ತು, ಅವನ್ನೂ ಕೇಳಿದೆ. ಅವಳು ಪ್ರತಿ ಉತ್ತರಕ್ಕೂ ಮೊದಲು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಕೊನೆಗೆ ಸಹಿಗೆ ಪೆನ್ನು ಕೊಡುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಸುಡುತ್ತಿತ್ತು.

“ಎಷ್ಟು ದಿನದಿಂದ?”

“ಮೂರು. ಸುಜಾತಾಗೆ ಹೇಳ್ಬ್ಯಾಡಿ ಅಕ್ಕೋರೆ. ನಿಮ್ಮ ಕಾಲಿಗೆ ಬೀಳ್ತೆ. ಎರಡೇ ಪರೀಕ್ಷೆ ಉಳದದ್ದು. ಅದೊಂದು ಮುಗೀಲಿ, ಎಲ್ಲಿ ಕರೆದ್ರೂ ಬತ್ತೆ.”

ಇದೇ ದನಿಯಲ್ಲಿ ಅವಳು ಹಿಂದೊಮ್ಮೆಯೂ ಹೇಳಬೇಡಿ ಎಂದಿದ್ದಳು. ಈ ಸಲ ನಾನು ಮಾತು ಕೊಡಲಿಲ್ಲ. ಬಿಸಿಲಿನಲ್ಲಿ ಒಂದೂವರೆ ಮೈಲಿ ನಡೆದು ಲಲಿತಕ್ಕನನ್ನು ಕರೆತಂದೆ. ಅವಳು ಗಂಗೆಯ ಹಣೆ ಮುಟ್ಟಿ ನೋಡಿದವಳು ಕೂಗಾಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ಅಬ್ಬಾನಿಗೆ ಫೋನು ಮಾಡಿದೆ. ಟೆಂಪೊದಲ್ಲಿದ್ದವರು ತಾವಾಗಿಯೇ ಇಳಿದು ಜಾಗ ಬಿಟ್ಟರು. “ಹೆದರ್ಬೇಡಮ್ಮಾ, ಗಾಡಿ ಅಲುಗಾಡಿಸ್ದೆ ಬಿಡ್ತೀನಿ” ಎಂದು ಅಬ್ಬಾ ಗಂಗೆಗೆ ಹೇಳಿದರು. ಎಷ್ಟು ನಿಧಾನ ಬಿಟ್ಟರೆಂದರೆ ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಹೊಡೆದು ಬೈದು ಮುಂದೆ ಹೋದ. ಸಿದ್ದಾಪುರದಲ್ಲಿ ರಕ್ತ ತೆಗೆದರು. ಸಂಜೆಯೊಳಗೆ ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಾದೇವಿ ಜೊತೆಗೆ ಹೋದಳು.

ಮರುದಿನ ರಸಾಯನಶಾಸ್ತ್ರದ ಪರೀಕ್ಷೆ. ಅದು ಮುಗಿಯುವವರೆಗೆ ಸುಜಾತಾಗೆ ಹೇಳುವುದು ಬೇಡವೆಂದು ನಾನೂ ಲಲಿತಕ್ಕನೂ ನಿರ್ಧರಿಸಿದೆವು. ಗೇಟಿನ ಹೊರಗೆ ನಾನೇ ನಿಂತೆ. ಅವಳು ಗೆಳತಿಯರ ಜೊತೆ ಪ್ರಶ್ನೆಪತ್ರಿಕೆ ಹಿಡಿದು ನಗುತ್ತ ಬಂದವಳು ನನ್ನನ್ನು ಕಂಡಳು. ಹತ್ತಿರ ಬರುವಷ್ಟರಲ್ಲಿ ನಗು ಹೋಗಿತ್ತು.

“ಅವ್ವಂಗೆ ಎಂತ ಆಯ್ತು?”

ಹೇಳಿದೆ.

“ನಿಮಗೆ ಯಾವಾಗ ಗೊತ್ತಾದ್ದು?”

“ನಿನ್ನೆ ಮಧ್ಯಾಹ್ನ.”

“ನಿನ್ನೆ ಹೇಳಿದ್ರೆ ನಿನ್ನೆನೇ ಹೋಗ್ತಿದ್ದೆ” ಎಂದಳು. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಜೀವಶಾಸ್ತ್ರಕ್ಕೆ ಮೂರು ದಿನ ಇತ್ತು. ಅಬ್ಬಾ ಮತ್ತು ನಾನು ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಗಂಗೆಗೆ ಎಚ್ಚರ ಬಂದು ಬಂದು ಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ನಾನು ಸುಜಾತಾಗೆ ಹೇಳಿದೆ: “ನೀನು ಹೋಗಿ ಬರೆದು ಬಾ. ನಾನು ಇಲ್ಲೇ ಇರುತ್ತೇನೆ, ಒಂದು ಕ್ಷಣವೂ ಬಿಟ್ಟು ಏಳುವುದಿಲ್ಲ.”

“ನೀವು ಇರ್ತೀರಿ, ಗೊತ್ತು. ಆದ್ರೆ ಅವ್ವ ಕಣ್ಣು ಬಿಟ್ರೆ ಹುಡುಕೂದು ನನ್ನ” ಎಂದಳು. ಹೋಗಲಿಲ್ಲ. ಪರೀಕ್ಷೆಯ ಆ ಮೂರು ಗಂಟೆ ಅವಳು ತಾಯಿಯ ಮೂತ್ರದ ಚೀಲದ ಅಳತೆಯನ್ನು ಹಾಳೆಯಲ್ಲಿ ಬರೆಯುತ್ತಿದ್ದಳು. ಹಾಗೆ ಬರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ. ಡ್ಯೂಟಿಯ ನರ್ಸು ಹಾಳೆಯನ್ನು ನೋಡಿ, “ಎಲ್ಲಿ ಟ್ರೇನಿಂಗ್ ಆಗಿದ್ದು?” ಎಂದು ಕೇಳಿದಳು.

ಗಂಗೆ ಉಳಿದಳು. ಜ್ವರ ಬಿಟ್ಟು ಮನೆಗೆ ಬಂದ ವಾರಕ್ಕೆ ಮತ್ತೆ ಬಂತು, ಮತ್ತೆ ಆಸ್ಪತ್ರೆ. ಮೇ ತಿಂಗಳಲ್ಲಿ ಅವಳು ಅದೇ ಮೆಟ್ಟಿಲ ಮೇಲೆ ಬಂದು ಕೂತಾಗ ಕೈಗಳು ನಡುಗುತ್ತಿದ್ದವು. ಲೋಟ ತುಟಿಗೆ ಹೋಗುವುದರೊಳಗೆ ಅರ್ಧ ಚೆಲ್ಲುತ್ತಿತ್ತು. ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದಳು. ಕ್ರಮೇಣ ಸರಿಯಾಗುತ್ತದೆ, ಎಷ್ಟು ದಿನವೆಂದು ಹೇಳಲಾಗದು ಎಂದು ವೈದ್ಯರು ಹೇಳಿದ್ದರು. ಮಾದೇವಿ ನಗಿಸಲು ನೋಡಿದಳು: “ಜ್ವರ ಕಳಿಸೂಕೆ ಹೋಗಿ ನೀನೇ ಒಂದು ಸುತ್ತು ಹೋಗಿ ಬಂದ್ಯಲೇ.” ಯಾರೂ ನಗಲಿಲ್ಲ. ಮಾದೇವಿಯೇ ಮೊದಲು ಅತ್ತಳು.

ಮಳೆ ಹಿಡಿಯುವ ಹೊತ್ತಿಗೆ ನಡೆದ ಪೂರಕ ಪರೀಕ್ಷೆಯಲ್ಲಿ ಸುಜಾತಾ ಜೀವಶಾಸ್ತ್ರ ಬರೆದಳು. ಒಳ್ಳೆಯ ಅಂಕ ಬಂತು. ನರ್ಸಿಂಗಿಗೆ ಸೀಟೂ ಬಂತು. ಅವಳು ಅವತ್ತೇ ಹೇಳಿದ್ದಳಲ್ಲ, ಸಿಗುತ್ತದೆ ಎಂದು. ಕಾಲೇಜು ದೂರದ ಊರಿನಲ್ಲಿ, ಹಾಸ್ಟೆಲಿನಲ್ಲಿ ಇರಬೇಕು. ಸೇರುವ ಕೊನೆಯ ದಿನ ಅಬ್ಬಾ ಟೆಂಪೊವನ್ನು ಟ್ರಿಪ್ಪಿಗೆ ಬಿಡದೆ ತಿರುವಿನಲ್ಲಿ ನಿಲ್ಲಿಸಿಕೊಂಡು ಕಾದರು. ನಾನೂ ಇದ್ದೆ. ಸುಜಾತಾ ಗದ್ದೆಯಿಂದ ಬಂದಳು, ಮೊಣಕಾಲವರೆಗೆ ಕೆಸರು.

“ಕಾಕಾ, ನೀವು ಹೋಗಿ” ಎಂದಳು ಅಬ್ಬಾನಿಗೆ. “ಅವ್ವಂಗೆ ಒಲೆ ಹೊತ್ಸೂಕೂ ಆಗೂದಿಲ್ಲ. ಯಾರ ಕೈಲಿ ಬಿಟ್ಟು ಹೋಗ್ಲಿ? ಮುಂದಿನ ವರ್ಷ ಕಾಂಬ.”

ಅಬ್ಬಾ ಟೆಂಪೊ ತಿರುಗಿಸಿದರು. ದಾರಿಯಲ್ಲಿ ನನ್ನ ಕಡೆ ನೋಡದೆ, “ನೀನು ಓದಿದ್ಯಲ್ಲ ಬೇಟಾ, ಇದಕ್ಕೇನು ಮಾಡಬೇಕು ಅಂತ ಬರೆದಿರ್ತದೆ ಅದರಲ್ಲಿ?” ಎಂದು ಕೇಳಿದರು. ಅವರು ಕುಟುಕಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದು.

ಕೊನೆಯ ಸುತ್ತಿನಲ್ಲಿ ನಾನು ಸುಜಾತಾಳ ಉದ್ಯೋಗದ ಜಾಗ ಖಾಲಿ ಬಿಟ್ಟಿದ್ದೆ. ಅವಳೇ ನೋಡಿ, “ಕೂಲಿ ಅಂತ ಬರೀರಿ” ಎಂದಳು.

ಧಾರವಾಡದಲ್ಲಿ ಕೋಷ್ಟಕ ಮಾಡಲು ಕೂತಾಗ ಆ ಮನೆಯ ಸಾಲು ಹೀಗಿತ್ತು. ಕಾಯಿಲೆಗೆ ಮೊದಲು ದುಡಿಯುವವರ ಸಂಖ್ಯೆ: ಒಂದು. ಕಾಯಿಲೆಯ ನಂತರ: ಒಂದು. ಓದುತ್ತಿದ್ದವಳಿಗೆ ತಪ್ಪಿದ ಕೆಲಸದ ದಿನಗಳು: ಅನ್ವಯಿಸುವುದಿಲ್ಲ. ಮಾರ್ಗದರ್ಶಕರು ಪೆನ್ನಿನ ತುದಿಯಿಂದ ಆ ಸಾಲನ್ನು ಮುಟ್ಟಿ, “ಈ ಮನೆಯ ಮೇಲೆ ಕಾಯಿಲೆ ದೊಡ್ಡ ಪರಿಣಾಮ ಮಾಡಿಲ್ಲ ಅನ್ನಿಸುತ್ತದೆ” ಎಂದರು. ಅವರ ತಪ್ಪಲ್ಲ. ಹಾಳೆ ಅಷ್ಟನ್ನೇ ಹೇಳುತ್ತಿತ್ತು. ಹಾಳೆಯನ್ನು ಮಾಡಿದವಳು ನಾನು. ಒಬ್ಬ ನರ್ಸು ಇಲ್ಲವಾದದ್ದನ್ನು, ಅವಳು ಸೂಜಿ ಚುಚ್ಚದೆ ಬಿಟ್ಟ ಅಷ್ಟು ತೋಳುಗಳನ್ನು ಬರೆಯಲು ಅದರಲ್ಲಿ ಜಾಗ ಇರಲಿಲ್ಲ. ಎಣ್ಣೆ ಯಾವಾಗ ಹಚ್ಚುತ್ತೀರಿ ಎಂದು ಕೇಳಲೂ ಇರಲಿಲ್ಲ. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಸಂಜೆಯ ಎಣ್ಣೆಯ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದೆ. ಪರೀಕ್ಷಕರು ಅದನ್ನು ವಿಶೇಷವಾಗಿ ಮೆಚ್ಚಿದರು.

ಮುಂದಿನ ಜನವರಿಯಲ್ಲಿ ಒಂದು ಬೆಳಗ್ಗೆ, ಅಬ್ಬಾನ ಮೊದಲ ಟ್ರಿಪ್ಪಿಗೂ ಮುಂಚೆ, ಕೇರಿಗೆ ಹೋದೆ. ಬಾಡಿಗೆ ಆಟೊದಲ್ಲಿ, ಒಬ್ಬಳೇ. ಬೆಳಕು ಆಗಷ್ಟೇ ಹರಿದಿತ್ತು. ಹೆಂಗಸರು ಕಲ್ಲಿಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳಗಳಲ್ಲಿ ನಿಂತಿದ್ದರು. ಸುಜಾತಾ ತಾಯಿಯ ಕಲ್ಲಿ ಹಿಡಿದಿದ್ದಳು. ಗಂಗೆ ಮೆಟ್ಟಿಲ ಮೇಲೆ ಎಣ್ಣೆಯ ಬಾಟಲಿ ಹಿಡಿದು ಕೂತಿದ್ದಳು. ಈಗ ಕೇರಿಯಲ್ಲಿ ಎಲ್ಲರೂ ಹೋಗುವ ಮೊದಲೇ ಹಚ್ಚುತ್ತಾರೆ, ವಾಸನೆ ಹಿಡಿದ ದರಕನ್ನೂ ಹೆಗಡೆಯವರು ತೆಗೆದುಕೊಳ್ಳುತ್ತಾರೆ, ಎರಡು ದಿನ ಬಿಸಿಲಿಗೆ ಹರವಿದರೆ ದನ ಮಲಗುತ್ತದೆ ಎಂದು ಮಾದೇವಿ ಹೇಳಿದಳು. ಅಷ್ಟು ಸುಲಭವಿತ್ತು ಅದು.

ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಲಲಿತಕ್ಕ ಬಂದು ನಿಂತು ಹಚ್ಚುವವಳಿದ್ದಳು ಎಂದು. ನನ್ನನ್ನು ಕೇಳಿದಳು ಎಂದು. ಗೊತ್ತಿದ್ದೂ ನಾನು ‘ಎಲ್ಲರೂ ಹಚ್ಚುತ್ತಾರೆ’ ಅಂದೆ ಎಂದು.

ಗಂಗೆ ನನ್ನನ್ನು ನೋಡಿದಳು. “ನಾನೇ ಅಲ್ದಾ ಅಕ್ಕೋರೆ, ಹೇಳ್ಬ್ಯಾಡಿ ಅಂದದ್ದು.”

“ಅವ್ವ ಹೇಳ್ಬ್ಯಾಡಿ ಅಂದ್ಲು” ಎಂದಳು ಸುಜಾತಾ. ದನಿ ಏರಲಿಲ್ಲ. “ಅವ್ಳಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು.”

ಉಳಿದ ಹೆಂಗಸರು ದಾರಿ ಹಿಡಿದಿದ್ದರು. ಸುಜಾತಾ ಬಾಟಲಿಗೆ ಕೈ ಚಾಚಿದಳು. ಗಂಗೆ ಕೊಡಲಿಲ್ಲ. ದಿನಾ ಮಗಳ ಕಾಲಿಗೆ ತಾನೇ ಹಚ್ಚಬೇಕು ಎಂಬುದು ಅವಳ ಹಟ. ಅಂಗೈಗೆ ಹೊಯ್ದುಕೊಳ್ಳಲು ಹೋದಳು, ಕೈ ನಡುಗಿ ಎಣ್ಣೆ ಮೆಟ್ಟಿಲ ಮೇಲೆ ಚೆಲ್ಲಿತು. ಇನ್ನೊಮ್ಮೆ ಹೋದಳು, ಇನ್ನೊಮ್ಮೆ ಚೆಲ್ಲಿತು.

“ಅಕ್ಕೋರೆ, ಚೂರು ಕೈ ಹಿಡ್ಕಣಿ” ಎಂದಳು.

ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದೆ. ಸುಜಾತಾ ನಮ್ಮಿಬ್ಬರ ತಲೆಯ ಮೇಲಿಂದ ಬೆಟ್ಟದ ಕಡೆ ನೋಡುತ್ತ ನಿಂತಿದ್ದಳು. ಗಂಗೆ ಮಗಳ ಎಡಗಾಲಿನ ಪಾದ, ಹಿಮ್ಮಡಿ, ಬೆರಳ ಸಂದಿ, ಮೊಣಕಾಲು, ಒಂದೂ ಬಿಡದೆ ಹಚ್ಚಿದಳು. ಬಹಳ ಹೊತ್ತು ಹಿಡಿಯಿತು. ಅದು ಮುಗಿದ ಮೇಲೂ ನಾನು ಕೈ ಬಿಡಲಿಲ್ಲ. ಸುಜಾತಾ ಬಲಗಾಲನ್ನು ಮುಂದಿಟ್ಟಳು.